ಅಪ್‌ಡೇಟೂ ಅತ್ತೆಯ ಸಾಲೂ

ನಾನು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಚಿತ್ರದುರ್ಗದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತುತ್ತೇನೆ, ಸಂಜೆ ಇಳಿಯುತ್ತೇನೆ, ನಡುವೆ ಸಿಕ್ಕವರ ಕನ್ನಡವನ್ನೆಲ್ಲ ತಿದ್ದುತ್ತೇನೆ. ಕೆಟ್ಟ ಚಾಳಿ ಅಂತ ನನಗೂ ಗೊತ್ತು. ಗಂಡ ಇದಕ್ಕೆ ಬೇಗ ಒಗ್ಗಿಕೊಂಡರು. ಮಗಳು ಒಗ್ಗಲಿಲ್ಲ, ನನ್ನೆದುರಿಗೆ ಮಾತನ್ನೇ ಕಡಿಮೆ ಮಾಡಿದಳು. ಈ ಬರಹದಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ನಾನು ಹೇಳಹೊರಟಿರುವುದೇ ಹೆಸರು ಬರೆದಿಡುವ ಒಂದು ಪುಸ್ತಕದ ವಿಚಾರ. ಹೆಸರುಗಳೆಲ್ಲ ಅಲ್ಲಿ ಭದ್ರವಾಗಿವೆ.

ಮೊದಲು ಬೋರ್ಡಿನ ಜಗಳ ಹೇಳಿಬಿಡುತ್ತೇನೆ. ಶಾಲೆ ಶುರುವಾದ ವಾರ, ಆಫೀಸಿನ ಪಕ್ಕದ ಗೋಡೆಗೆ ಹೊಸ ಬೋರ್ಡು ಬಂತು. ಮೇಲ್ಗಡೆ ಕೆಂಪು ಬಣ್ಣದಲ್ಲಿ, ಕನ್ನಡ ಅಕ್ಷರದಲ್ಲೇ, ‘ಅಪ್‌ಡೇಟ್ಸ್’ ಎಂದು ಬರೆಸಿದ್ದರು. ನನಗೆ ಮೈ ಉರಿಯಿತು. ಹೆಡ್‌ಮೇಡಂ ಹತ್ತಿರ ಹೋಗಿ, “ಕನ್ನಡ ಶಾಲೆ ಗೋಡೆ ಮೇಲೆ ಇದೇನ್ರೀ ಮೇಡಂ?” ಎಂದೆ. ಅವರು ಹಾಜರಿ ಪುಸ್ತಕದಿಂದ ತಲೆ ಎತ್ತದೆ, “ಹಂಗಾದ್ರೆ ನೀವೇ ಒಂದು ಒಳ್ಳೇ ಪದ ಕೊಡ್ರಿ, ಬದಲಾಯಿಸಾಣ” ಎಂದರು. ಅವರ ಬಾಯಂಚಿನಲ್ಲಿ ಸಣ್ಣ ನಗು ಇತ್ತು. ಆ ನಗು ನನ್ನನ್ನು ಮೂರು ತಿಂಗಳು ನಿದ್ದೆಗೆಡಿಸಿತು.

ಪದವೇನು ಇಲ್ಲವೇ? ಬೇಕಾದಷ್ಟಿವೆ. ‘ನವೀಕರಣ’ ಎನ್ನಬಹುದು. ಆದರೆ ಅದನ್ನು ಕೇಳಿದರೆ ಲೈಸೆನ್ಸು, ಬಸ್ ಸ್ಟ್ಯಾಂಡಿನ ಸುಣ್ಣಬಣ್ಣ ನೆನಪಾಗುತ್ತದೆ. ‘ಪರಿಷ್ಕರಣೆ’ ಎಂದರೆ ನಮ್ಮ ಮೇಷ್ಟ್ರುಗಳಿಗೆಲ್ಲ ಭಯ, ಪಠ್ಯಪುಸ್ತಕದಲ್ಲಿ ಈ ಸಲ ಯಾವ ಪಾಠ ತೆಗೆದರೋ ಎಂದು. ‘ಜೀರ್ಣೋದ್ಧಾರ’ ದೇವಸ್ಥಾನಕ್ಕೇ ಇರಲಿ. ನಿಘಂಟು ಹಿಡಿದು ಕುಳಿತರೆ ಇನ್ನೂ ಒಂದೆರಡು ಸಿಕ್ಕವು. ಅವನ್ನು ಬಾಯಲ್ಲಿ ಹೇಳುವಷ್ಟರಲ್ಲಿ ಮಕ್ಕಳ ಊಟದ ಬೆಲ್ಲು ಹೊಡೆಯುತ್ತದೆ.

ಆಮೇಲೆ ಒಂದು ಉಪಾಯ ಹೊಳೆಯಿತು. ಜನ ಈ ಪದವನ್ನು ಎಲ್ಲೆಲ್ಲಿ ಬಳಸುತ್ತಾರೆ ಎಂದು ಬರೆದುಕೊಂಡರೆ ಅರ್ಥ ತಾನೇ ಸಿಗುತ್ತದೆಯಲ್ಲ? ಬ್ಯಾಗಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡೆ. ಬಸ್ಸಿನ ಕಂಡಕ್ಟರ್, “ತಡೀರಿ ಮೇಡಮ್ಮೋರೆ, ಮಿಷನ್ ಅಪ್‌ಡೇಟ್ ಆಗ್ತೈತೆ” ಎಂದ. ಬರೆದುಕೊಂಡೆ. ಹಿಂದಿನ ಸೀಟಿನ ಹೆಂಗಸು ಫೋನಿನಲ್ಲಿ, “ಗಂಡಿನ ಕಡೇರ್ದು ಏನೂ ಅಪ್‌ಡೇಟ್ ಇಲ್ಲ ಕಣಕ್ಕ” ಎಂದಳು. ಅದನ್ನೂ ಬರೆದುಕೊಂಡೆ. ನಮ್ಮ ಬೀದಿಯಲ್ಲಿ ತಲೆತಲಾಂತರದಿಂದ ಹಾಸಿಗೆ ಹೊಲಿಯುವ ಸಾಬರ ಮನೆಯಿದೆ. ಹತ್ತಿ ಗಂಟುಗಟ್ಟಿದ ನಮ್ಮ ಹಳೇ ಹಾಸಿಗೆಯನ್ನು ಅವರ ಮುಂದೆ ಹಾಕಿದೆ. ಆ ಹಿರಿಯರು ಅದನ್ನು ಒತ್ತಿ ನೋಡಿ, “ಬಿಸಾಕಬ್ಯಾಡ್ರಿ ಟೀಚರಮ್ಮ. ಹತ್ತಿ ಚಲೋ ಐತೆ. ಬಿಚ್ಚಿ, ಎಕ್ಕಿ ಹಗುರ ಮಾಡಿ, ಅಪ್‌ಡೇಟ್ ಮಾಡಿ ಕೊಡ್ತೀನಿ” ಎಂದರು. ಅಯ್ಯೋ, ಇವರೂನಾ ಎಂದುಕೊಂಡೆ.

ಇವರನ್ನೆಲ್ಲ ಮೀರಿಸಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ವಯಸ್ಸು ಎಂಬತ್ತರ ಹತ್ತಿರ. ಹಿರಿಯೂರು ತಾಲ್ಲೂಕಿನಲ್ಲಿ, ಹರಿಯಬ್ಬೆಗೆ ಮೊದಲು ಸಿಗುವ ಒಂದು ಹಟ್ಟಿಯಲ್ಲಿ, ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಇದ್ದಾಳೆ ಅನ್ನುವುದಕ್ಕಿಂತ ಆಳುತ್ತಿದ್ದಾಳೆ ಅನ್ನಬೇಕು. ತಮ್ಮನ ಮಕ್ಕಳ ಫೋನಿನಿಂದ ಈ ಪದ ಕಲಿತವಳು ಅದನ್ನು ಮನೆ ತುಂಬ ಹಚ್ಚಿದಳು. ಉಪ್ಪಿನಕಾಯಿಗೆ ಎಣ್ಣೆ ಕಾಯಿಸಿ ಹೊಯ್ದರೆ ಅಪ್‌ಡೇಟ್. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಒಣಗಿಸಿದರೆ ಅಪ್‌ಡೇಟ್. ಹಲ್ಲಿನ ಸೆಟ್ ಹಾಕಿಸಿಕೊಂಡು ಬಂದ ದಿನ ನನಗೆ ಫೋನ್ ಮಾಡಿ, “ಏನವ್ವಾ ಮೇಷ್ಟ್ರಮ್ಮ, ಬಾಯಿ ಅಪ್‌ಡೇಟ್ ಆತು, ಇನ್ನ ಕಡ್ಲೇಕಾಯಿ ತಗಂಬಾ” ಎಂದಳು. ನಾನು ತಿದ್ದಲು ಹೋದೆ. “ಅತ್ತೆ, ಅದಕ್ಕೆ ಹಾಗನ್ನಬಾರದು.” “ಯಾಕನ್ಬಾರ್ದು? ಇದ್ದಿದ್ದು ಇದ್ದಂಗೇ ಐತೆ, ಮ್ಯಾಲೆ ಹೊಸಾದು ಬಂದೈತೆ. ಅಷ್ಟೇ ತಾನೆ ನಿನ್ನ ಅಪ್‌ಡೇಟು?” ಎಂದು ಫೋನು ಇಟ್ಟಳು. ಅದನ್ನೂ ನೋಟ್‌ಬುಕ್ಕಿಗೆ ಬರೆದೆ, ಹಲ್ಲು ಕಡಿಯುತ್ತ.

ಇಂಥ ಅತ್ತೆ ಒಂದು ದಿನ ಊಟ ಬಿಟ್ಟಳು. ಅದೂ ಈ ಪದದಿಂದಲೇ.

ತಮ್ಮ ಶುಕ್ರವಾರ ಫೋನ್ ಮಾಡಿದ. “ಅಕ್ಕ, ಭಾನುವಾರ ಹೆಳವರು ಬರ್ತಾರಂತೆ. ವಂಶದ ಪುಸ್ತಕಾನ ಫೋನಿಗೆ ಹಾಕಿ ಅಪ್‌ಡೇಟ್ ಮಾಡ್ತಾರಂತೆ. ಬದುಕಿರೋರ್ದೆಲ್ಲ ಫೋಟೋ ಬೇಕಂತೆ. ಅತ್ತೆ ನಿನ್ನೆಯಿಂದ ಮುದ್ದೆ ಮುಟ್ಟಿಲ್ಲ. ನೀನು ಬಾ.”

ಹೆಳವರು ಅಂದರೆ ಯಾರು, ಅತ್ತೆ ಯಾಕೆ ಹೆದರಿದಳು ಅನ್ನುವುದನ್ನು ಇಲ್ಲಿ ಹೇಳಬೇಕು. ನಮ್ಮದು ಕುರಿ ಕಾಯುವ ಮನೆತನ. ನಮ್ಮ ಅಜ್ಜ, ಮುತ್ತಜ್ಜ, ಅವರಜ್ಜ ಯಾರು, ಎಲ್ಲಿಂದ ಬಂದರು, ಯಾರಿಗೆ ಯಾರು ಹುಟ್ಟಿದರು ಎಂಬುದನ್ನೆಲ್ಲ ಬರೆದಿಟ್ಟುಕೊಂಡವರು ಹೆಳವರು. ಒಂದೊಂದು ಮನೆತನಕ್ಕೂ ಅದರದೇ ಹೆಳವರ ಮನೆ ಇರುತ್ತದೆ. ಐದಾರು ವರ್ಷಕ್ಕೊಮ್ಮೆ ಬರುತ್ತಾರೆ. ಮೊದಲು ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದರು, ಈಗ ಬೈಕಿನಲ್ಲಿ ಬರುತ್ತಾರೆ. ಹೊತ್ತು ಮೂಡುವಾಗ ಬಾಗಿಲಲ್ಲಿ ನಿಂತು ನಮ್ಮ ಸಾಲನ್ನೆಲ್ಲ ರಾಗವಾಗಿ ಓದುತ್ತಾರೆ. ಹೊಸದಾಗಿ ಹುಟ್ಟಿದ ಗಂಡುಮಕ್ಕಳನ್ನು ಸೇರಿಸುತ್ತಾರೆ, ಕಾಳು, ಕಂಬಳಿ ಕೊಟ್ಟರೆ ಹರಸಿ ಹೋಗುತ್ತಾರೆ. ನಮ್ಮ ಪುಸ್ತಕದಲ್ಲಿ ಹೆಣ್ಣುಮಕ್ಕಳನ್ನು ಬರೆಯುವ ರೂಢಿ ಇರಲಿಲ್ಲ. ಗಂಡಸು ಅಂದರೆ ಒಂದು ಸಾಲು, ಅವನ ಕೆಳಗೆ ಅವನ ಗಂಡುಮಕ್ಕಳು. ನನ್ನ ಹೆಸರೂ ಅದರಲ್ಲಿಲ್ಲ. ನನಗದು ದೊಡ್ಡ ವಿಚಾರವಲ್ಲ ಎಂದು ನಾನು ಎಷ್ಟೋ ಸಲ, ಯಾರೂ ಕೇಳದೆ ಇದ್ದಾಗಲೂ ಹೇಳಿದ್ದೇನೆ.

ಆದರೆ ಅತ್ತೆಯ ಹೆಸರಿದೆ. ಗಂಡಸಾಗಿ!

ಅದಾದದ್ದು ಹೀಗೆ. ಅತ್ತೆಗೆ ಆಗ ಆರೇಳು ವರ್ಷ. ದೇವರಿಗೆ ಮುಡಿ ಕೊಟ್ಟು ತಲೆ ನುಣ್ಣಗಾಗಿತ್ತು. ಮೈಮೇಲೆ ಯಾರದೋ ಹಳೇ ಚಡ್ಡಿ, ಅಂಗಿ, ಹೆಗಲ ಮೇಲೆ ತುಂಡು ಕಂಬಳಿ, ಕೈಯಲ್ಲಿ ಕೋಲು. ಕುರಿ ಮರಿಗಳ ನಡುವೆ ನಿಂತಿದ್ದಳಂತೆ. ಆಗಿನ ಹೆಳವರು, ಈಗ ಬರುವವನ ಅಜ್ಜ, ಹೊಸದಾಗಿ ಪುಸ್ತಕ ಹೊತ್ತವರು. ನಮ್ಮಜ್ಜ ಸಂತೆಗೆ ಹೋಗಿದ್ದ. ಹೆಳವರು ಅವಳನ್ನೇ “ನಿನ್ನ ಹೆಸರೇನಪ್ಪ?” ಎಂದು ಕೇಳಿದರು. ಅತ್ತೆಯದು ನಮ್ಮ ಕಡೆ ಗಂಡಿಗೂ ಹೆಣ್ಣಿಗೂ ಇಡುವ ಹೆಸರು. ಕೊನೆಗೆ ಅಪ್ಪ ಸೇರಿಸಿದರೆ ಗಂಡು, ಅವ್ವ ಸೇರಿಸಿದರೆ ಹೆಣ್ಣು. ಹುಡುಗಿ ಎರಡನ್ನೂ ಸೇರಿಸದೆ ಬರೀ ಹೆಸರು ಹೇಳಿದಳು. ಹೆಳವರು ಬೋಳು ತಲೆಯನ್ನೂ ಚಡ್ಡಿಯನ್ನೂ ನೋಡಿ ತಾವೇ ಅಪ್ಪ ಸೇರಿಸಿಕೊಂಡರು. ಮಾರನೇ ದಿನ ಬೆಳಿಗ್ಗೆ ದೇವರ ಮುಂದೆ ಓದಿಯೂ ಬಿಟ್ಟರು. ಓದಿದ ಮೇಲೆ ತಪ್ಪಾಯಿತು ಅನ್ನುವುದು ಹೇಗೆ? ಅಜ್ಜನಿಗೂ ಒಳಗೊಳಗೇ ಖುಷಿಯಾಯಿತು. ನಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಒಬ್ಬ ಮಗನಿದ್ದವನಿಗೆ ಪುಸ್ತಕದಲ್ಲಿ ಇಬ್ಬರಾದರು.

ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಹೆಳವರು ಬರುವ ಸುದ್ದಿ ಬಂದ ಕೂಡಲೇ ಅತ್ತೆ ಮಾಯ. ಕುರಿ ಹಟ್ಟಿಯ ಹಿಂದೋ, ಯಾರದೋ ಈರುಳ್ಳಿ ಹೊಲದಲ್ಲೋ ಕುಂತುಬಿಡುವಳು. ಹೆಳವರು ಅವಳ ಸಾಲು ಓದಿ, “ಇವನೆಲ್ಲಿ?” ಎಂದರೆ ಮನೆಯವರು ಒಂದೇ ಬಾಯಲ್ಲಿ, “ಮಂದೆ ಸಂಗಡ ಹೋಗೌನೆ” ಎನ್ನುವರು. ಎಲ್ಲಿಗೆ ಎಂದರೆ ಅಪ್ಪ ಬಾಯಿಗೆ ಬಂದ ಊರು ಹೇಳುವನು. ಅದನ್ನೇ ಬರೆದುಕೊಂಡು ಹೋಗುವರು. ನಾನು ಚಿಕ್ಕವಳಿದ್ದಾಗ ಇದು ನಮಗೆ ಹಬ್ಬಕ್ಕಿಂತ ಹೆಚ್ಚು. ಬಾಯಿಗೆ ಸೆರಗು ತುರುಕಿಕೊಂಡು ನಗುವ ಅಮ್ಮ, ಗಂಭೀರವಾಗಿ ಸುಳ್ಳು ಹೇಳುವ ಅಪ್ಪ, ಸಂಜೆ ವಾಪಸು ಬಂದು, “ಏನಂತ ಬರ್ಕಂಡ್ರು? ಓದಿದ್ರಾ? ಜೋರಾಗಿ ಓದಿದ್ರಾ?” ಎಂದು ಕೇಳುವ ಅತ್ತೆ.

ಅತ್ತೆಗೆ ಆ ಸಾಲು ಎಂದರೆ ಪ್ರಾಣ. ಮದುವೆ ಮಾಡಿ ಹೊಸದುರ್ಗದ ಕಡೆ ಕೊಟ್ಟಿದ್ದರು. ಎಂಟು ತಿಂಗಳಿಗೆ ಟ್ರಂಕು ಹೊತ್ತು ವಾಪಸು ಬಂದಳು. ಕಾರಣ ಕೇಳಿದರೆ, “ಆ ಮನೇಲಿ ಕುರಿ ಇರ್ಲಿಲ್ಲ” ಎಂದಳಂತೆ. ಅದಕ್ಕಿಂತ ಹೆಚ್ಚಿನದನ್ನು ಇವತ್ತಿನವರೆಗೂ ಹೇಳಿಲ್ಲ. ಆಮೇಲೆ ನಿಜವಾಗಿಯೂ ಮಂದೆಯ ಸಂಗಡ ಹೋದಳು, ಗಂಡಸರ ಸಮಕ್ಕೆ. ಭರಮಸಾಗರದ ಕೆರೆ ಅಂಗಳ, ಜೋಗಿಮಟ್ಟಿಯ ತಪ್ಪಲು, ಹೊಸದುರ್ಗದ ತೆಂಗಿನ ತೋಟಗಳು, ಕೊಯ್ಲಾದ ಗದ್ದೆ ಬಯಲು, ಎಲ್ಲ ಕಡೆ ಕುರಿ ಮೇಯಿಸಿ, ರಾತ್ರಿ ತರುಬಿದಳು. ನನ್ನನ್ನು ಹೈಸ್ಕೂಲಿಗೆ ಸೇರಿಸಬೇಕೆಂದು ಹಟ ಹಿಡಿದವಳೂ ಅವಳೇ. ಅದೇ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಹಾಸ್ಟೆಲಿನ ಬಾಗಿಲವರೆಗೂ ತಲೆ ಮೇಲೆ ಹೊತ್ತು ತಂದಳು. ಆ ಹಾಸ್ಟೆಲು ಹೊಳಲ್ಕೆರೆಯಲ್ಲೇ ಇತ್ತು. ಈಗಲೂ ಶಾಲೆಗೆ ಹೋಗುವಾಗ ಆ ಬಾಗಿಲ ಮುಂದೆಯೇ ಹಾದು ಹೋಗುತ್ತೇನೆ.

ಶನಿವಾರ ಶಾಲೆ ಮುಗಿಸಿ, ಹಿರಿಯೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಊರಿಗೆ ಹೋದೆ. ಅತ್ತೆ ಜಗಲಿಯ ಮೇಲೆ ಮೊಣಕಾಲು ಕಟ್ಟಿಕೊಂಡು ಕುಂತಿದ್ದಳು. ನನ್ನನ್ನು ಕಂಡವಳೇ, “ಬಾರವ್ವ. ನಿನ್ನ ಅಪ್‌ಡೇಟು ನನ್ನ ಕೊಂದು ಹಾಕ್ತು ನೋಡು” ಎಂದಳು. ನನ್ನದಂತೆ!

“ಅಲ್ಲ ಅತ್ತೆ, ಫೋಟೋ ತಾನೆ? ಯಾವಾಗಿನಂಗೆ ಮಂದೆ ಸಂಗಡ ಹೋಗೌನೆ ಅಂದ್ರಾಯ್ತು.”

“ಫೋನಾಗೆ ಹೇಳಿವ್ನಂತೆ ಆ ಹೆಳವರ ಹುಡುಗ, ಈ ಸಲ ಫೋಟೋ ಇಲ್ದಿದ್ರೆ ಮನುಷ್ಯನೇ ಇಲ್ಲ ಅಂತ ಬರ್ಕಂತೀನಿ ಅಂತ. ಫೋಟೋ ಕೊಟ್ರೆ ಹೆಣ್ಣು ಅಂತ ಗೊತ್ತಾಗಿ ಹೊಡ್ದು ಹಾಕ್ತಾನೆ. ಕೊಡ್ದಿದ್ರೆ ಇಲ್ಲ ಅಂತ ಹೊಡ್ದು ಹಾಕ್ತಾನೆ. ಎಂಗಾದ್ರೂ ಹೋಯ್ತು ನನ್ನ ಸಾಲು.” ಅವಳ ಕಣ್ಣು ತುಂಬಿ ಬಂದಿತ್ತು. ನಾನು ಅತ್ತೆಯ ಕಣ್ಣಲ್ಲಿ ನೀರು ನೋಡಿದ್ದು ಅಪ್ಪ ಹೋದ ದಿನ, ಆಮೇಲೆ ಅವತ್ತು.

ಉಪಾಯ ಹೇಳಿದವನು ತಮ್ಮ. “ಅಪ್ಪನ ರುಮಾಲು ಪೆಟ್ಟಿಗೇಲಿ ಐತಲ್ಲ” ಎಂದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ವಯಸ್ಸಾದ ಕನ್ನಡ ಮೇಷ್ಟ್ರಮ್ಮ ಇಂಥ ಕೆಲಸಕ್ಕೆ ಕೈ ಹಾಕಬಾರದಿತ್ತು, ಹಾಕಿದೆ. ಅಪ್ಪನ ಬಿಳಿ ಅಂಗಿ ತೊಡಿಸಿದೆವು, ಪಂಚೆ ಉಡಿಸಿದೆವು, ಬಳೆ ಬಿಚ್ಚಿಸಿದೆವು. ತಮ್ಮ ರುಮಾಲು ಸುತ್ತಿದ. ಹೆಗಲಿಗೆ ಕಂಬಳಿ ಹಾಕಿ ಕೈಗೆ ಕೋಲು ಕೊಟ್ಟೆವು. ಅತ್ತೆ ಎದ್ದು ನಿಂತು, ಗಂಟಲು ದಪ್ಪ ಮಾಡಿ, “ಏನ್ಲೇ, ಕುರಿಗೆ ನೀರು ತೋರ್ಸಿದ್ರೇನ್ಲೇ?” ಎಂದಳು. ತಮ್ಮನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ನೆಲದ ಮೇಲೆ ಕುಸಿದು ಕುಂತು ನಕ್ಕಳು. ಹೊಟ್ಟೆ ಹುಣ್ಣಾಗುವಂತೆ ಎಲ್ಲರೂ ನಕ್ಕೆವು. ನಕ್ಕು ಕಣ್ಣೊರೆಸಿಕೊಂಡು ನೋಡಿದರೆ, ಅಲ್ಲಿ ನಮ್ಮಪ್ಪ ನಿಂತಿದ್ದ. ಅದೇ ದವಡೆ, ಅದೇ ಹುಬ್ಬು, ಸ್ವಲ್ಪ ಎಡಕ್ಕೆ ವಾಲಿ ನಿಲ್ಲುವ ಅದೇ ನಿಲುವು. ಅತ್ತೆ ಮಾತ್ರ, “ಮುದ್ದೆ ಐತೇನ್ರೇ? ಹಸಿವಾಗ್ತೈತೆ” ಎಂದಳು. ಎರಡು ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಬೆಳಿಗ್ಗೆ ಹೊತ್ತು ಮೂಡುವ ಮೊದಲೇ ಬೇವಿನ ಮರದ ಕೆಳಗೆ ಬೈಕು ನಿಂತಿತು. ಮೂವತ್ತರ ಆಸುಪಾಸಿನವನು, ತಲೆಗೆ ಪೇಟ, ಕೊರಳಲ್ಲಿ ಫೋನಿನ ದಾರ. ಬಗಲಲ್ಲಿ ಕೆಂಪು ಬಟ್ಟೆ ಸುತ್ತಿದ ಅದೇ ಹಳೇ ಪುಸ್ತಕ. ತಮ್ಮ, “ಬರ್ರಿ, ಕುಂತ್ಕಳ್ರಿ” ಎಂದು ಕಂಬಳಿ ಹಾಸಿದ. ಅವನು ಕೂರಲಿಲ್ಲ. ಮೊದಲು ಓದಬೇಕು, ಆಮೇಲೆ ಕೂರಬೇಕು. ಬಾಗಿಲಿಗೆ ಮುಖ ಮಾಡಿ ನಿಂತು ಶುರು ಮಾಡಿದ.

ನಾನು ಎಷ್ಟೋ ಪದ್ಯ ರಾಗವಾಗಿ ಓದಿಸಿದ್ದೇನೆ. ಆದರೆ ನಮ್ಮ ಮುತ್ತಜ್ಜನ ಅಜ್ಜನ ಹೆಸರನ್ನು ನಮ್ಮದೇ ಬಾಗಿಲಲ್ಲಿ ಒಬ್ಬ ಹಾಡಿದರೆ ಮೈ ಜುಮ್ಮೆನ್ನುತ್ತದೆ. ಎಲ್ಲಿಂದಲೋ ಕುರಿ ಹೊಡೆದುಕೊಂಡು ಬಂದವರು, ಬಾವಿ ತೋಡಿಸಿದವರು, ಹುಲಿಗೆ ಒಂದು ಮರಿ ಕೊಟ್ಟು ಮಂದೆ ಉಳಿಸಿಕೊಂಡು ಬಂದವರು, ಎಲ್ಲರೂ ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಓದುತ್ತ ಓದುತ್ತ ಅಜ್ಜನ ಸಾಲಿಗೆ ಬಂದ. ಅಜ್ಜನಿಗೆ ಇಬ್ಬರು ಗಂಡುಮಕ್ಕಳು ಎಂದ. ರುಮಾಲು ಸುತ್ತಿ, ಬಾಯಿಗೆ ಕಂಬಳಿ ಅಂಚು ಅಡ್ಡ ಹಿಡಿದು ಜಗಲಿ ಮೂಲೆಯಲ್ಲಿ ಕುಂತಿದ್ದ ಅತ್ತೆಯ ಬೆನ್ನು ನೆಟ್ಟಗಾಯಿತು. ಎಪ್ಪತ್ತು ಚಿಲ್ಲರೆ ವರ್ಷದಲ್ಲಿ ತನ್ನ ಸಾಲು ಓದುವುದನ್ನು ಅವಳು ಕಿವಿಯಾರೆ ಕೇಳಿದ್ದು ಅದೇ ಎರಡನೇ ಸಲ.

ಅವನು ಓದಿದ. ಹಿರಿಯ ಮಗ ಇಂಥವನು, ಅಪ್ಪ ಎಂದು ಕೊನೆಗೊಳ್ಳುವ ಹೆಸರು. ಒಂದು ಸಲ ಬಂದಾಗ ಮಂದೆ ಸಂಗಡ ಹೋಗಿದ್ದ, ಮುಂದಿನ ಸಲವೂ ಮಂದೆ ಸಂಗಡ, ಅದರ ಮುಂದಿನ ಸಲ ಬರ ಬಿದ್ದ ವರ್ಷ, ಭರಮಸಾಗರದ ಕೆರೆ ಕಡೆಗೆ ಮಂದೆ ಸಂಗಡ—

“ಭರಮಸಾಗರ ಅಲ್ಲ ಕಣಪ್ಪ!”

ನಾನು ಕಣ್ಣು ಮುಚ್ಚಿಕೊಂಡೆ.

“ಆ ವರ್ಷ ಅಲ್ಲಿ ಕೆರೆ ಒಣಗಿ ಬಿರುಕು ಬಿಟ್ಟಿತ್ತು, ಅಲ್ಲಿಗ್ಯಾರು ಹೋಗ್ತಾರೆ? ಜೋಗಿಮಟ್ಟಿ ತಪ್ಪಲಿಗೆ ಹೊಡ್ಕಂಡು ಹೋಗಿದ್ದೆ ನಾನು. ಒಂದು ಮರೀನೂ ಸಾಯಾಕೆ ಬಿಡ್ಲಿಲ್ಲ. ಬರ್ಕಂಡ್ರೆ ಸರಿಯಾಗಿ ಬರ್ಕಬೇಕು!”

ಗಂಟಲು ದಪ್ಪ ಮಾಡುವುದನ್ನು ಮರೆತಿದ್ದಳು. ಕಂಬಳಿ ಅಂಚು ಕೆಳಗೆ ಬಿದ್ದಿತ್ತು. ಎಳೆ ಬಿಸಿಲಿಗೆ ಮೂಗುತಿ ಫಳಫಳ ಹೊಳೆಯಿತು. ಬಳೆ ಬಿಚ್ಚಿಸಿದ ನಾವು ಮೂಗುತಿಯನ್ನು ನೋಡಿಯೇ ಇರಲಿಲ್ಲ! ಹುಟ್ಟಿದಾಗಿನಿಂದ ಕಂಡ ಮುಖದಲ್ಲಿ ಅದೂ ಮೂಗಿನ ಒಂದು ಭಾಗವೇ ಆಗಿಹೋಗಿತ್ತು. ಹೆಳವರ ಹುಡುಗ ಪುಸ್ತಕದಿಂದ ತಲೆ ಎತ್ತಿ ಅವಳನ್ನೇ ನೋಡಿದ. ಅತ್ತೆ ನಿಧಾನಕ್ಕೆ ರುಮಾಲು ಬಿಚ್ಚಿ ತೊಡೆ ಮೇಲಿಟ್ಟುಕೊಂಡಳು. ಬಿಳಿ ಕೂದಲ ಸಣ್ಣ ಗಂಟು ಭುಜಕ್ಕೆ ಜಾರಿತು.

“ನಾನು ಹೆಣ್ಣು ಕಣಪ್ಪ. ನಿಮ್ಮಜ್ಜ ಬೋಳು ತಲೆ ನೋಡಿ ಗಂಡು ಅಂತ ಬರ್ಕಂಡ. ನಾವ್ಯಾರೂ ಬಾಯಿ ಬಿಡ್ಲಿಲ್ಲ. ತಪ್ಪು ನಮ್ದೇ.” ಪುಸ್ತಕದ ಕಡೆ ಕೈ ತೋರಿಸಿ ಕೇಳಿದಳು, “ಈಗ ಹೊಡ್ದು ಹಾಕ್ತೀಯೇನು?”

ಎಲ್ಲರೂ ಅವನ ಕೊರಳಿನ ಫೋನನ್ನೇ ನೋಡಿದೆವು.

ಅವನು ಕೊರಳಿನ ಫೋನನ್ನು ಜೇಬಿಗೆ ಹಾಕಿದ. ಬಂದು ಅತ್ತೆಯ ಮುಂದೆ ಕುಂತು ಪುಸ್ತಕವನ್ನು ಅವಳ ತೊಡೆಯ ಮೇಲೆ, ರುಮಾಲಿನ ಮೇಲೆಯೇ ಇಟ್ಟ.

“ಅಜ್ಜಿ, ಈ ಪುಸ್ತಕದಾಗೆ ಎಲ್ಲಾದ್ರೂ ಒಂದು ಹೊಡೆದು ಹಾಕಿದ್ದು ತೋರಿಸ್ರಿ ನೋಡಾಣ.”

ಅತ್ತೆಗೆ ಓದು ಬಾರದು, ಆದರೆ ಗೀಟು ಕಾಣುತ್ತದೆ. ಅವನು ಹಾಳೆ ತಿರುವುತ್ತ ಹೋದ. ನಾನೂ ಬಗ್ಗಿ ನೋಡಿದೆ. ಶಾಯಿ ಕಂದಿದ ಸಾಲುಗಳು, ಪಕ್ಕದಲ್ಲಿ ಹೊಸ ಶಾಯಿಯ ಸಾಲುಗಳು. ಕೆಲವು ಹೆಸರಿನ ಮುಂದೆ ಮೂರು ಬಗೆಯ ಕೈಬರಹ. ಅಷ್ಟು ಹಾಳೆಯಲ್ಲಿ ಒಂದೇ ಒಂದು ಅಡ್ಡಗೆರೆ ಇರಲಿಲ್ಲ.

“ನಮಗೆ ಹೊಡೆದು ಹಾಕೋ ಹಕ್ಕಿಲ್ರಿ. ಸತ್ತೋರ್ನೂ ಹೊಡೆಯಂಗಿಲ್ಲ, ಊರು ಬಿಟ್ಟೋರ್ನೂ ಹೊಡೆಯಂಗಿಲ್ಲ. ತಪ್ಪು ಬರೆದಿದ್ರೆ ಅದರ ಮುಂದೆ ಸರಿಯಾದ್ದು ಬರೀತೀವಿ. ಅದೂ ಇರ್ತೈತೆ, ಇದೂ ಇರ್ತೈತೆ. ಫೋನಿನಾಗೂ ಹಂಗೇ ಮಾಡ್ಸೀನಿ.” ಆಮೇಲೆ ನಕ್ಕುಬಿಟ್ಟ. “ನಮ್ಮಜ್ಜಂಗೆ ಗೊತ್ತಿತ್ತೋ ಏನೋ. ಅಷ್ಟು ವರ್ಷದಾಗೆ ಒಂದು ದಿನಾನೂ ಮನೆಗೆ ಬರದಂಥ ಗಂಡಸು ಎಲ್ಲಿರ್ತಾನ್ರಿ?”

ಅತ್ತೆ ಮೊದಲು ನಕ್ಕಳು, ಆಮೇಲೆ ಮನೆಯೆಲ್ಲ ನಕ್ಕಿತು. ನನ್ನ ತಮ್ಮನಂತೂ ಅಂಗಳದಲ್ಲಿ ನಿಂತು ಚಪ್ಪಾಳೆ ಹೊಡೆದ. ನನ್ನ ಚಾಳಿ ಅಲ್ಲೂ ಬಿಡಲಿಲ್ಲ. “ಅಲ್ಲಪ್ಪ, ಇದಕ್ಕೆ ನೀವು ಅಪ್‌ಡೇಟ್ ಅಂತೀರಲ್ಲ, ನಿಮ್ಮಜ್ಜ ಏನಂತಿದ್ರು?” ಎಂದು ಕೇಳಿದೆ. ಅವನು ಯೋಚನೆಯನ್ನೂ ಮಾಡಲಿಲ್ಲ. “ಅವ್ರೇನಂತಿದ್ರು? ಮುಂದಕ್ಕೆ ಬರೀತೀನಿ ಅಂತಿದ್ರು.” ಮೂರು ತಿಂಗಳು ನಿಘಂಟು ತಿರುವಿದ ನಾನು ಸುಮ್ಮನೆ ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡೆ.

ಅವನು ಪೆನ್ನು ತೆಗೆದು ಅತ್ತೆಯ ಸಾಲಿನ ಮುಂದೆ ಬರೆದ. ಭರಮಸಾಗರದ ಪಕ್ಕ ಜೋಗಿಮಟ್ಟಿ ಎಂದು ಬರೆದ. ಅಪ್ಪ ಎಂಬುದರ ಪಕ್ಕ ಅವ್ವ ಎಂದು ಬರೆದ. ಆಮೇಲೆ ಪೆನ್ನು ಎತ್ತಿ ಹಿಡಿದು ಸ್ವಲ್ಪ ಮುಜುಗರದಿಂದ ಹೇಳಿದ, “ಅಜ್ಜಿ, ಒಂದು ಮಾತೈತೆ. ಸಾಲು ಅಂದ್ಮೇಲೆ ಕೆಳಗೆ ಯಾರಾದ್ರೂ ಬೇಕು. ಯಾರೂ ಇಲ್ದಿದ್ರೆ, ಸಾಲು ಇಲ್ಲಿಗೆ ನಿಂತಿತು ಅಂತ ಬರೀಬೇಕಾಗ್ತೈತೆ.”

“ನಿಲ್ಲಾಕೆ ಯಾಕೆ? ಇವಳ್ನ ಬರ್ಕ” ಎಂದಳು ಅತ್ತೆ, ತಿರುಗಿಯೂ ನೋಡದೆ ಬೆರಳು ನನ್ನ ಕಡೆ ಚಾಚಿ.

“ಅತ್ತೆ, ನಾನು ಅಪ್ಪನ ಮಗಳು.”

“ಅದು ನಂಗೊತ್ತಿಲ್ವೇನೇ? ನಿಮ್ಮಪ್ಪನ ಸಾಲಿನ ಕೆಳಗೆ ನಿನ್ನ ಹೆಸರೈತೇನು?”

ಇರಲಿಲ್ಲ. ಅಲ್ಲಿ ತಮ್ಮನ ಹೆಸರೊಂದೇ ಇತ್ತು. ನನಗದು ದೊಡ್ಡ ವಿಚಾರವಲ್ಲ ಎನ್ನುವ ಮಾತನ್ನು ಅವತ್ತು ನಾನು ಹೇಳಲಿಲ್ಲ. ಯಾಕೆಂದರೆ ಅದು ಸುಳ್ಳು. ಐದನೇ ಕ್ಲಾಸಿನಲ್ಲಿದ್ದಾಗ ಅದೇ ಅಂಗಳದಲ್ಲಿ ನಿಂತು, ಹಾಲು ಕುಡಿಯುವ ತಮ್ಮನ ಹೆಸರನ್ನು ಹೆಳವರು ಹಾಡುವುದನ್ನು ಕೇಳಿ, ನನ್ನದು ಯಾವಾಗ ಬರುತ್ತದೋ ಎಂದು ಕಾದಿದ್ದೆ. ಬರಲಿಲ್ಲ. ಆ ಸಂಜೆ ಅತ್ತೆಯನ್ನು ಬಿಟ್ಟು ಯಾರಿಗೂ ನಾನು ಅತ್ತದ್ದು ಗೊತ್ತಿಲ್ಲ. ಅವಳು ಅದನ್ನು ಮರೆತಿರಲಿಲ್ಲ.

“ಬರ್ಕಳ್ರಿ, ಬರ್ಕಳ್ರಿ” ಎಂದ ತಮ್ಮ. “ಇನ್ಮುಂದೆ ಅಕ್ಕ ನನ್ನ ಪಕ್ಕದ ಸಾಲಾಗೇ ಬಂದು ಕುಂತ್ಕಂತಾಳೆ. ಪುಸ್ತಕದಾಗೂ ನನ್ನ ತಿದ್ದೋಳು ಇವಳೇ.”

“ಇವಳ ಕೆಳಗೂ ಒಂದು ಹೆಣ್ಣೈತೆ ಕಣಪ್ಪ, ದುರ್ಗದಾಗೆ. ಅದ್ನೂ ಬರ್ಕ. ಜಾಗ ಬಿಟ್ಟು ಬರ್ಕ, ಮುಂದಕ್ಕೆ ಬೇಕಾಗ್ತೈತೆ” ಎಂದಳು ಅತ್ತೆ.

ಫೋಟೋ ತೆಗೆಯುವ ಹೊತ್ತಿಗೆ ಅತ್ತೆ ಸೀರೆ ಉಟ್ಟು ಬಳೆ ತೊಟ್ಟು ಬಂದಳು. ಆದರೆ ಅಪ್ಪನ ರುಮಾಲನ್ನು ಹೆಗಲ ಮೇಲೆ ಹಾಕಿಕೊಂಡಿದ್ದಳು, ಯಾರು ಹೇಳಿದರೂ ತೆಗೆಯಲಿಲ್ಲ. ಶಾಲೆಯ ಬೋರ್ಡಿನ ಮೇಲೆ ಈಗಲೂ ‘ಅಪ್‌ಡೇಟ್ಸ್’ ಎಂದೇ ಇದೆ. ನಾನು ಅದರ ಪಕ್ಕ ಸೀಮೆಸುಣ್ಣದಲ್ಲಿ ‘ಮುಂದಕ್ಕೆ ಬರೆದದ್ದು’ ಎಂದು ಬರೆದಿದ್ದೇನೆ. ಮೊದಲನೆಯದನ್ನು ಅಳಿಸಲು ಹೋಗಲಿಲ್ಲ. ಹೆಡ್‌ಮೇಡಂ ಎರಡನ್ನೂ ಓದಿ, ಅದೇ ಸಣ್ಣ ನಗು ನಕ್ಕು ಒಳಗೆ ಹೋದರು.

ಆ ಬೆಳಿಗ್ಗೆ ಇನ್ನೊಂದು ಕೆಲಸ ಬಾಕಿ ಇತ್ತು. ಬರೆದದ್ದನ್ನು ದೇವರ ಮುಂದೆ ಓದದೆ ಹೆಳವರು ಹೊರಡುವಂತಿಲ್ಲ. ಹುಡುಗ ಮತ್ತೆ ಎದ್ದು, ಒಳಗಿನ ದೇವರ ಗೂಡು ಕಾಣುವಂತೆ ಬಾಗಿಲಿಗೆ ಮುಖ ಮಾಡಿ ನಿಂತ. ಅಜ್ಜನಿಗೆ ಒಬ್ಬ ಮಗ, ಒಬ್ಬಳು ಮಗಳು ಎಂದು ಹಾಡಿದ. ಅತ್ತೆಯ ಹೆಸರು ಹಾಡಿದ, ಕೊನೆಗೆ ಅವ್ವ ಸೇರಿಸಿ. ಬರ ಬಿದ್ದ ವರ್ಷ ಜೋಗಿಮಟ್ಟಿ ತಪ್ಪಲಿಗೆ ಮಂದೆ ಹೊಡೆದುಕೊಂಡು ಹೋಗಿ ಒಂದು ಮರಿಯನ್ನೂ ಸಾಯಗೊಡದವಳು ಎಂದು ಹಾಡಿದ. ಇವಳ ಸಾಲಿನಲ್ಲಿ ಬಂದವಳು ಎಂದು ನನ್ನ ಹೆಸರು ಹಾಡಿದ, ನನ್ನ ಕೆಳಗೆ ನನ್ನ ಮಗಳ ಹೆಸರನ್ನೂ ಹಾಡಿದ. ನಾನು ಗೋಡೆಗೆ ಒರಗಿ ನಿಂತು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಅವನ ಹಾಡಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಅವನು ಮುಗಿಸಿ ಪುಸ್ತಕಕ್ಕೆ ಬಟ್ಟೆ ಸುತ್ತಲು ಹೊರಟ. ಅತ್ತೆ ಕೈ ಅಡ್ಡ ಹಿಡಿದಳು.

“ಇನ್ನೊಂದ್ಸಲ ಓದಪ್ಪ” ಎಂದಳು. “ನಾನು ಇಲ್ಲೇ ಕುಂತಿರ್ತೀನಿ.”

ಅವನು ಬಟ್ಟೆ ಬಿಚ್ಚಿ, ಇನ್ನೊಂದು ಸಲ ಓದಿದ.